ಕಲ್ಲಿನ ಮೇಲೆ ಇಲ್ಲದ ಲೋಕಯ್ಯ

ಲೋಕಯ್ಯ ಸತ್ತದ್ದು ನನ್ನ ಜಾಗದಲ್ಲಿ ನಿಂತು. ಅವನು ತಾನಾಗಿಯೇ ಬಂದು ರಸ್ತೆಯಲ್ಲಿ ನಿಂತಿದ್ದ ಎಂದು ಅಂದು ಹೇಳಿದವನು ನಾನು — ಅದು ಸುಳ್ಳು. ಅವನನ್ನು ಅಲ್ಲಿ ನಿಲ್ಲಿಸಿದವನೇ ನಾನು.

ಆಗ ನಾನು ಬಂಟ್ವಾಳದ ಕಡೆ ಹೆಡ್ ಕಾನ್‌ಸ್ಟೇಬಲ್. ಲೋಕಯ್ಯ ನನ್ನ ಕೈಕೆಳಗಿನ ಕಾನ್‌ಸ್ಟೇಬಲ್, ಶಿರ್ತಾಡಿಯವನು. ಒಂದು ದಿನ ಯಾರೋ ಮಂತ್ರಿಗಳು ಹಾದುಹೋಗುವುದಿತ್ತು. ಕಲ್ಲಡ್ಕದ ಹೆದ್ದಾರಿ ತಿರುವಿನಲ್ಲಿ ನನಗೆ ಡ್ಯೂಟಿ ಬಿತ್ತು. ಅದೇ ಹೊತ್ತಿಗೆ ಹತ್ತಿರದ ಸಭಾಭವನದಲ್ಲಿ ನನ್ನ ಭಾವನ ಮನೆಯವರ ಬೀಗರ ಔತಣ. ಕೋಳಿಸಾರಿನ ಜೊತೆ ಗರಿಗರಿ ಕೋರಿರೊಟ್ಟಿ. ಹೇಳಲು ನಾಚಿಕೆಯಾಗುತ್ತದೆ — ಕಾರಣ ಅಷ್ಟೇ, ಅದಕ್ಕಿಂತ ದೊಡ್ಡದೇನೂ ಇರಲಿಲ್ಲ.

ಒಬ್ಬನ ಬದಲಿಗೆ ಇನ್ನೊಬ್ಬ ನಿಲ್ಲುವುದು ನಮ್ಮಲ್ಲಿ ನಡೆದುಕೊಂಡು ಬಂದದ್ದು. ಬಾಯಿಮಾತಿನಲ್ಲೇ ಮುಗಿಯುತ್ತದೆ, ಸಾಹೇಬರಿಗೆ ಯಾರೂ ಹೇಳುವುದಿಲ್ಲ. ಲೋಕಯ್ಯನಿಗೆ ಅಂದು ವಾರದ ರಜೆ. ಊರಿಗೆ ಹೊರಟು ಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದ. ನಾನು ಕರೆದೆ.

"ಸ್ವಲ್ಪ ಹೊತ್ತು ನಿಲ್ಲು ಮಾರಾಯ. ಊಟ ಮಾಡಿ ಬರ್ತೇನೆ."

"ಗುಲಾಬಿ ಕಾಯ್ತಾ ಇದ್ದಾಳೆ..." ಎಂದ. ನನ್ನ ಮುಖ ನೋಡಿ, "ಆಯ್ತು, ಬೇಗ ಬನ್ನಿ" ಎಂದ. ಮೇಲಿನವನು ಹೇಳಿದ ಮೇಲೆ ಅವನು ಇನ್ನೇನು ಹೇಳಿಯಾನು!

ನಾನು ಬೇಗ ಬರಲಿಲ್ಲ. ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದಾಗ ಹೊರಗೆ ಬ್ರೇಕಿನ ಸದ್ದು, ಜನರ ಕೂಗು. ಟ್ಯಾಂಕರ್ ತಿರುವಿನಲ್ಲಿ ಹಿಡಿತ ತಪ್ಪಿ ಲೋಕಯ್ಯನಿಗೆ ಬಡಿದಿತ್ತು. ಕೈ ತೊಳೆಯದೆ ಓಡಿದೆ. ಅವನನ್ನು ಎತ್ತಿ ಜೀಪಿನಲ್ಲಿ ಮಲಗಿಸಿದೆ. ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಹೋದ.

"ಇವನಿಗೆ ಇವತ್ತು ರಜೆಯಲ್ವಾ? ರಸ್ತೆಯಲ್ಲಿ ಏನು ಮಾಡ್ತಿದ್ದ?" ಸಾಹೇಬರು ಕೇಳಿದರು.

"ನಾನು ಚಹಾ ಕುಡಿಯಲಿಕ್ಕೆ ಆಚೆ ಹೋಗಿದ್ದೆ ಸರ್. ಇವನು ತಾನೇ ಬಂದು ನಿಂತದ್ದು. ಯಾರೂ ಹೇಳಿದ್ದಲ್ಲ."

ಸತ್ತವನು ಎದ್ದು ಬಂದು ಸಾಕ್ಷಿ ಹೇಳುವುದಿಲ್ಲವಲ್ಲ. ರಜೆಯಲ್ಲಿದ್ದವನೆಂದು ಅವನ ಚಿತೆಯ ಮುಂದೆ ಕುಶಾಲತೋಪು ಹಾರಲಿಲ್ಲ. ಪೊಲೀಸ್ ಹುತಾತ್ಮರ ದಿನ ಓದುವ ಹೆಸರುಗಳಲ್ಲಿ ಅವನದು ಬರಲಿಲ್ಲ. ಪ್ರತಿ ವರ್ಷ ನಾನು ಸಾಲಿನಲ್ಲಿ ನಿಂತು, ಬಾರದ ಹೆಸರಿಗಾಗಿ ಕಿವಿಗೊಟ್ಟು — ಬಾರದಿದ್ದಾಗ ಒಳಗೊಳಗೇ ಸಮಾಧಾನಪಟ್ಟಿದ್ದೇನೆ. ಇದಕ್ಕಿಂತ ಕೀಳಾದದ್ದು ನನ್ನಲ್ಲಿ ಇನ್ನೇನೂ ಇಲ್ಲ.

ನಿವೃತ್ತನಾದ ಮೇಲೆ, ಕರ್ತವ್ಯದಲ್ಲಿ ಮಡಿದ ಪೊಲೀಸರಿಗೆ ಊರಿನವರೇ ಸೇರಿ ಸ್ಮಾರಕ ಕಟ್ಟುವ ಎಂದು ಹೊರಟರು. ಹೋಟೆಲಿನವರು, ರಿಕ್ಷಾದವರು, ಎಲ್ಲರಿಗೂ ಉತ್ಸಾಹ. ರಾಜವರ್ಮ ಮಾಸ್ತರರು ಅಧ್ಯಕ್ಷರು. ಇಲಾಖೆಯವನೆಂದು ನನ್ನನ್ನೂ ಸಮಿತಿಗೆ ಸೇರಿಸಿಕೊಂಡರು. ಕರಿಕಲ್ಲು ಬಂತು, ಹೆಸರು ಕೆತ್ತುವ ಮಾತು ಬಂತು. ಆ ಸಭೆಗೆ ಲೋಕಯ್ಯನ ಹೆಂಡತಿ ಗುಲಾಬಿಯಕ್ಕ ಶಿರ್ತಾಡಿಯಿಂದ ಬಸ್ಸು ಬದಲಿಸಿಕೊಂಡು ಬಂದು ಬಾಗಿಲಲ್ಲಿ ನಿಂತರು.

"ಇವರ ಹೆಸರೂ ಹಾಕ್ಲಿಕ್ಕೆ ಆಗ್ತದಾ?"

ಮಾಸ್ತರರು ನನ್ನತ್ತ ತಿರುಗಿದರು. "ಆ ದಿನ ಅಲ್ಲಿದ್ದವರು ನೀವು. ನೀವು ಒಂದು ಮಾತು ಹೇಳಿದ್ರೆ ಸಾಕು."

ಒಂದೇ ಮಾತು. ದೇವರೇ ಎದುರಿಗೆ ತಂದು ಇಟ್ಟಂತಿತ್ತು. ನಾನು ಹೇಳಿದ್ದು — "ರಜೆಯಲ್ಲಿದ್ದ. ನಿಯಮ ಅಂತ ಒಂದು ಉಂಟಲ್ಲ..."

ಗುಲಾಬಿಯಕ್ಕ ತಲೆಯಾಡಿಸಿದರು. "ಇರ್ಲಿ ಅಣ್ಣ. ಕೊನೆಗೆ ನಿಮ್ಮ ತೊಡೆಯ ಮೇಲಾದ್ರೂ ಹೋದ್ರಲ್ಲ" ಎಂದು ನನಗೇ ಸಮಾಧಾನ ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ನಾನು ಬಾಗಿಲವರೆಗೂ ಹೋಗಿ ಬೀಳ್ಕೊಡಲಿಲ್ಲ.

ಮರುವಾರ ಸ್ಮಾರಕವನ್ನು ಅನಾವರಣ ಮಾಡುವವನು ನಾನೇ ಎಂದು ಸಮಿತಿ ತೀರ್ಮಾನಿಸಿತು. ಲೋಕಯ್ಯನಿಲ್ಲದ ಕಲ್ಲಿನ ಪರದೆಯನ್ನು ನಾನು ಎಳೆಯುವುದು! ನಿನ್ನೆ ಬೆಳಿಗ್ಗೆ ಮಾಸ್ತರರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಠಾಣೆಗೂ ಹೋಗಿ ಹೇಳುತ್ತೇನೆ, ಆಗುವುದು ಆಗಲಿ ಎಂದೆ. ಅವರು, "ಮೊದಲು ಆ ಅಮ್ಮನಿಗೆ ಹೇಳಿ" ಎಂದರು.

ಅಲ್ಲಿಂದ ನೇರ ಶಿರ್ತಾಡಿಗೆ ಹೋದೆ. ಗುಲಾಬಿಯಕ್ಕನ ಎದುರು ಕುಳಿತು ಒಂದನ್ನೂ ಬಿಡದೆ ಹೇಳಿದೆ — ಕೋರಿರೊಟ್ಟಿಯನ್ನೂ. ಅವರು ಬೈಯುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ.

"ಅವರು ಮನೆಗೇ ಹೊರಟದ್ದಾ?"

"ಹೌದು ಅಕ್ಕ. ಬಸ್ಸಿಗೆ ನಿಂತಿದ್ದ. ನೀವು ಕಾಯ್ತಾ ಇದ್ದೀರಿ ಅಂತಲೂ ಹೇಳಿದ. ನಾನೇ ತಡೆದೆ."

ಅವರು ಎದ್ದು ಗೋಡೆಯಲ್ಲಿದ್ದ ಲೋಕಯ್ಯನ ಪಟದ ಮುಂದೆ ನಿಂತರು.

"ರಜೆಯಲ್ಲೂ ಹೆಂಡತಿ ಬೇಡ, ಬೀದಿಯೇ ಬೇಕಾಯ್ತಾ ಅಂತ ಇಷ್ಟು ವರ್ಷ ನಿಮಗೆ ಬೈದೆನಲ್ಲ" ಎಂದರು. "ತಪ್ಪಾಯ್ತು ನಂದು. ಕ್ಷಮಿಸಿ."

ಕ್ಷಮೆ ಕೇಳಬೇಕಾದವನು ನಾನು, ಅವರ ಬೆನ್ನ ಹಿಂದೆಯೇ ಕುಳಿತಿದ್ದೆ. ಅವರು ನನ್ನ ಕಡೆ ತಿರುಗಲಿಲ್ಲ.