ಅಪ್ಪನ ಮಂಡಿ, ಪಿಕಪ್ಪಿನ ಕ್ಲಚ್ಚು

ಗುಬ್ಬಿಯಲ್ಲಿ ನಮ್ಮದು ಶಾಮಿಯಾನ, ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ. ಯಾರ ಮನೆಯ ಮದುವೆಯಾದರೂ ಸರಿ, ಗಂಡಿನ ಕಡೆಯವರಿಗಿಂತ ಮೊದಲು ಅಲ್ಲಿಗೆ ಮುಟ್ಟುವುದು ನಮ್ಮ ಪಿಕಪ್ಪು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಬಂದ ಗಾಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಮೊದಲು ಕೆಮ್ಮುತ್ತದೆ, ಆಮೇಲೆ ಗಂಟಲು ಸರಿಮಾಡಿಕೊಳ್ಳುತ್ತದೆ, ಆಮೇಲೆ ಮನಸ್ಸಿದ್ದರೆ ಹೊರಡುತ್ತದೆ. ಇದಷ್ಟನ್ನೂ ನಾನು ಬಾಯಲ್ಲೇ ಮಾಡಿ ತೋರಿಸಬಲ್ಲೆ. ಒಂದು ದಿನ ನಡುಮನೆಯಲ್ಲಿ ನಿಂತು ಮಾಡಿದಾಗ, ಅಪ್ಪ ಹೊರಟೇಬಿಟ್ಟ ಎಂದುಕೊಂಡು ಅಮ್ಮ ಊಟದ ಡಬ್ಬಿ ಹಿಡಿದು ಬೀದಿಗೆ ಓಡಿದ್ದಳು. ಅಪ್ಪ ಆಗಿನ್ನೂ ಬಚ್ಚಲಲ್ಲಿದ್ದ.

ಇಷ್ಟೆಲ್ಲ ಪ್ರತಿಭೆಯಿದ್ದರೂ ನನಗೆ ಸಿಕ್ಕಿದ್ದು ಎಡಗಡೆಯ ಸೀಟು. ಲೈಸೆನ್ಸ್ ಬಂದು ಎರಡು ವರ್ಷವಾಗಿತ್ತು. ಅಪ್ಪ ಸ್ಟೀರಿಂಗನ್ನು ನನ್ನ ಕೈಗೆ ಕೊಡುತ್ತಿದ್ದದ್ದು ಒರೆಸುವುದಕ್ಕೆ ಮಾತ್ರ. ಗಾಡಿ ಹಿಂದಕ್ಕೆ ಬರುವಾಗ ಇಳಿದು, ಹಿಂದೆ ನಿಂತು ಕೂಗುವುದು ನನ್ನ ಉದ್ಯೋಗ. "ರೈಟ್, ರೈಟ್" ಎಂದರೆ ಬರಲಿ. "ಹೋಲ್ಡಾನ್" ಎಂದರೆ ನಿಲ್ಲಲಿ. ಬಲಕ್ಕೆ ತಿರುಗಿಸಬೇಕಾದರೆ "ಈ ಕಡೆ ಒಡಿ". ಅಪ್ಪ ಕನ್ನಡಿ ನೋಡುತ್ತಿರಲಿಲ್ಲ, ನನ್ನ ಗಂಟಲನ್ನೇ ನಂಬುತ್ತಿದ್ದ. ನನಗೆ ಬೇಕಾಗಿದ್ದದ್ದು ಮಾತ್ರ ಆ ಬಲಗಡೆಯ ಸೀಟು.

ಈ ಸಲದ ಮದುವೆ ಸೀಸನ್ನಿಗೆ ಮುಂಚೆ ಗಾಡಿ ಕೈಕೊಡತೊಡಗಿತು. ಲೋಡು ಹಾಕಿದರೆ ಏರಿನಲ್ಲಿ ಎಳೆಯುತ್ತಿರಲಿಲ್ಲ; ಬಿಡುವ ಹೊಗೆಗೆ ಬೀದಿಯ ಸೊಳ್ಳೆಗಳು ವಲಸೆ ಹೋದವು. ಇಂಜಿನ್ ಕೆಲಸ ಮಾಡಿಸುವುದೋ, ಹೊಸದು ತರುವುದೋ? ನಾನು ಹೊಸದರ ಪಾರ್ಟಿ, ಅಪ್ಪ ಹಳೆಯದರ ಪಾರ್ಟಿ.

"ಏನ್ಲಾ ಆಗಿರೋದು ಇದಕ್ಕೆ? ಇಂಜಿನ್ ಇಳ್ಸಿ ಕೆಲ್ಸ ಮಾಡ್ಸಿದ್ರೆ ನಿನ್ ಮದ್ವೆ ಶಾಮಿಯಾನಾನೂ ಹೊರುತ್ತೆ."

"ಹಂಗಾದ್ರೆ ನನ್ ಮದ್ವೆಗೆ ಇದನ್ನ ತಳ್ಕೊಂಡೇ ಹೋಗ್ಬೇಕು ಬುಡು."

ಅಷ್ಟರಲ್ಲಿ ಅಪ್ಪ ಎಡಮಂಡಿ ತೋರಿಸಲು ತುಮಕೂರಿನ ಡಾಕ್ಟರ ಹತ್ತಿರ ಹೋಗಿಬಂದ. ಕ್ಲಚ್ ತುಳಿಯುವುದು ಕಮ್ಮಿ ಮಾಡಿ ಎಂದರಂತೆ. ನಮ್ಮ ಗಾಡಿಯ ಕ್ಲಚ್ ತುಳಿಯುವುದೆಂದರೆ ಕಾಲಲ್ಲಿ ಬಾವಿಯ ನೀರು ಸೇದಿದ ಹಾಗೆ. ಅಪ್ಪ ಚಪ್ಪಲಿ ಬಿಡುತ್ತಲೇ ಘೋಷಿಸಿದ: "ಹೊಸದೇ ತಗಳಣ ಕಣ್ಲಾ."

ನಾನು ಕುಣಿದೆ. ಸೊಪ್ಪು ಬಿಡಿಸುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ.

"ಕುಣೀಬೇಡ ಕಣೋ. ಹೊಸ ಗಾಡಿ ಕ್ಲಚ್ಚು ಬೆಣ್ಣೆ ಇದ್ದಂಗಂತೆ. ಅದ್ ಬಂದ್ರೆ ನಿಮ್ಮಪ್ಪ ಇನ್ನ ಹತ್ ವರ್ಷ ಸ್ಟೀರಿಂಗ್ ಬುಡಲ್ಲ. ನೀನು ಗಡ್ಡ ಬೆಳ್ಳಗಾಗೋಗಂಟ ಹಿಂದೆ ನಿಂತ್ಕೊಂಡು ರೈಟ್ ರೈಟ್ ಅಂತಿರು."

ಮುದ್ದೆ ತಟ್ಟೆಗೆ ಬೀಳುವಷ್ಟರಲ್ಲಿ ನಾನು ಪಕ್ಷಾಂತರ ಮಾಡಿದ್ದೆ. "ಅಪ್ಪಾ, ಏನೇ ಆಗ್ಲಿ, ಹಳೇ ಗಾಡಿಗೊಂದು ಗತ್ತಿದೆ."

"ನಿನ್ನೆ ಗುಜರಿ ಅಂದೋನು ನೀನೇ ಅಲ್ವೇನ್ಲಾ?"

"ಮರ್ಯಾದಸ್ತ ಗುಜರಿ ಅಂದಿದ್ದು."

"ನೀವಿಬ್ರೂ ಎಲೆಕ್ಷನ್ನಿಗೆ ನಿಂತ್ಕಳಿ," ಎಂದು ಅಮ್ಮ ಸಾರು ಬಡಿಸಿದಳು.

ಆದರೂ ತುಮಕೂರಿನ ಶೋರೂಮಿಗೆ ಹೋದೆವು. ಹೊಸ ಪಿಕಪ್ಪಿನಲ್ಲಿ ಕೂತ ಅಪ್ಪ ಕ್ಲಚ್ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಮೊದಲ ಸಲ ಐಸ್‌ಕ್ರೀಂ ತಿಂದ ಮಗುವಿನ ಮುಖ. ಟೈ ಕಟ್ಟಿದ್ದ ಶೋರೂಮಿನ ಹುಡುಗ ನನ್ನ ಅನ್ನಕ್ಕೇ ಕಲ್ಲು ಹಾಕಿದ: "ರಿವರ್ಸ್ ಕ್ಯಾಮೆರಾ ಇದೆ ಸರ್. ಹಿಂದೆ ಯಾರೂ ನಿಂತ್ಕೊಳ್ಳೋದೇ ಬೇಡ." ಸ್ಟೀರಿಂಗಂತೂ ಇಲ್ಲ, ಈಗ ಇದ್ದ ಉದ್ಯೋಗವೂ ಹೋಯಿತು.

ಅಪ್ಪ ಒಂದು ಸುತ್ತು ಓಡಿಸಿ ಬಂದು, ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು ನಿಲ್ಲಿಸಬೇಕಿತ್ತು. ನಾನು ನಿರುದ್ಯೋಗಿಯ ಹಾಗೆ ಪಕ್ಕದಲ್ಲಿ ನಿಂತಿದ್ದೆ. ಗಾಡಿ ಸೊಟ್ಟಗೆ ಬರುತ್ತಿರುವುದನ್ನು ಕಂಡ ಹುಡುಗ ಹಿಂದೆ ಓಡಿಹೋಗಿ ಕೂಗಿದ:

"ರೈಟ್ ಸರ್, ರೈಟ್!"

ಬಲಕ್ಕೆ ತಿರುಗಿಸಿ ಎಂದು ಅವನ ಅರ್ಥ. ಅಪ್ಪ ಬಂದ.

"ರೈಟ್! ರೈಟ್ ಸರ್!"

ಅಪ್ಪ ಇನ್ನೂ ಜೋರಾಗಿ ಬಂದ. ಒಳಗೆ ಕ್ಯಾಮೆರಾ ಕೀಂಕೀಂ ಎಂದು ಬಡಿದುಕೊಳ್ಳುತ್ತಿತ್ತು. ಹೊಸ ಗಾಡಿಯ ಹಾಡಿರಬೇಕೆಂದು ಅಪ್ಪ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ನಾನು "ಹೋಲ್ಡಾನ್!" ಎಂದು ಅರಚಿದೆ. ಗಾಡಿ ಗಕ್ಕನೆ ನಿಂತಿತು, ಒಂದು ಹೂಕುಂಡ ಚೂರಾದ ಮೇಲೆ.

"ನಾನು ರೈಟ್ ಅಂದ್ನಲ್ಲ ಸರ್!"

"ಅದಕ್ಕೇ ಕಣಪ್ಪ ಬಂದಿದ್ದು!"

ಕುಂಡಕ್ಕೆ ಅವರು ಏನೂ ಕೇಳಲಿಲ್ಲ. ವಿಚಾರ ಮಾಡಿ ಹೇಳುತ್ತೇವೆಂದು ನಮ್ಮ ಹಳೆಯ ಗಾಡಿ ಹತ್ತಿದೆವು. ತುಮಕೂರು ದಾಟುವ ಮೊದಲೇ ಗುಬ್ಬಿ ಗೇಟಿನಲ್ಲಿ ಟ್ರಾಫಿಕ್ ಜಾಮು. ಕ್ಲಚ್, ಬ್ರೇಕ್, ಮತ್ತೆ ಕ್ಲಚ್. ನಾನು ಟೈ ಹುಡುಗನ ದನಿ ತೆಗೆದು "ರೈಟ್ ಸರ್, ರೈಟ್" ಎಂದೆ. ಅಪ್ಪ ನಗಲಿಲ್ಲ. ಪ್ರತಿಸಲ ಕಾಲು ಒತ್ತುವಾಗಲೂ ಅವನ ಹಲ್ಲಿನ ಸಂದಿಯಿಂದ ಒಂದು ಸಣ್ಣ ಸದ್ದು ಬರುತ್ತಿತ್ತು. ಊರಿನವರದ್ದೆಲ್ಲ ಅಣಕು ಮಾಡುವ ನಾನು ಆ ಸದ್ದನ್ನು ಇವತ್ತಿನವರೆಗೂ ಮಾಡಿ ತೋರಿಸಿಲ್ಲ.

ಸ್ವಲ್ಪ ಮುಂದೆ ಟೀ ಅಂಗಡಿಯೊಂದರ ಎದುರು ಅಪ್ಪ ಗಾಡಿ ನಿಲ್ಲಿಸಿದ. ಟೀ ಕುಡಿದು, ಲೋಟ ಇಟ್ಟು, ನೇರ ಎಡಗಡೆಯ ಬಾಗಿಲಿಗೆ ಹೋದ.

"ಅಪ್ಪಾ, ಆ ಕಡೆ."

"ಗೊತ್ತು. ಹತ್ಲಾ ನೀನು."

ಹತ್ತಿದೆ. ಶುರುವಿನಲ್ಲೇ ಎರಡು ಸಲ ಆಫ್ ಮಾಡಿದೆ. ಹಿಂದಿನ ಆಟೋದವನು ನಮ್ಮ ವಂಶವನ್ನೆಲ್ಲ ವಿಚಾರಿಸಿಕೊಂಡ. ಊರು ಮುಟ್ಟುವವರೆಗೂ ಅಪ್ಪನದು ಒಂದೇ ಜಪ: "ಗೇರು... ಗೇರು... ಲೇ, ಹಂಪ್ಸು!" ಅಂಗಡಿ ಮುಂದೆ ನಿಲ್ಲಿಸಿದಾಗ ಮಂಡಿ ನೀವಿಕೊಳ್ಳುತ್ತ ಹೇಳಿದ:

"ಹಳೇದೇ ಇರ್ಲಿ ಕಣ್ಲಾ. ಹೊಸದ್ರಲ್ಲಿ ನಂಗ್ ಕಾಲ್ ನೋಯಲ್ಲ. ಕಾಲ್ ನೋಯ್ದೆ ಇದ್ರೆ ನಾನ್ ನಿಂಗ್ ಕೊಡಲ್ಲ. ನನ್ ಬುದ್ಧಿ ನಂಗ್ ಗೊತ್ತಿಲ್ವಾ?"

ಇಂಜಿನ್ ಇಳಿಸಿದರು. ಉಪ್ಪಾರಹಳ್ಳಿಯ ಮೆಕ್ಯಾನಿಕ್ಕಿಗೆ ನಾನು ಗುಟ್ಟಾಗಿ ಹೇಳಿದ್ದೆ: "ಅಣ್ಣ, ಏನಾದ್ರೂ ಮಾಡಿ, ಕ್ಲಚ್ ಮಾತ್ರ ಮುಟ್ಬೇಡಿ." ಹಗುರವಾದರೆ ಅಪ್ಪ ವಾಪಸ್ ಬಂದು ಕೂತಾನೆಂಬ ಭಯ. ಆದರೆ ಅಪ್ಪನ ಕಿವಿ ಹಳೆಯ ಡ್ರೈವರನದು.

"ಕ್ಲಚ್ಚೂ ಹೊಸದು ಹಾಕಪ್ಪ," ಎಂದ. "ಇವನ್ದೂ ಕಾಲೇ."

ಮೊದಲ ಲೋಡು ಕುಣಿಗಲ್ಲಿನ ಮದುವೆಗೆ. ನಾನು ಬಲಗಡೆ, ಅಪ್ಪ ಎಡಗಡೆ. ಹೆಬ್ಬೂರಿನಲ್ಲಿ ಪರಿಚಯದವರು ಬಹಳ. ಇಷ್ಟು ವರ್ಷ ಎರಡು ಕೈಯೂ ಸ್ಟೀರಿಂಗಿಗೆ ಅಂಟಿಕೊಂಡಿದ್ದರಿಂದ ಅಪ್ಪ ಅವರ ನಮಸ್ಕಾರಗಳಿಗೆ ಬರೀ ಗದ್ದ ಅಲ್ಲಾಡಿಸಿ ಸಾಗಿಬಿಡುತ್ತಿದ್ದ. ಅವತ್ತು ಕಿಟಕಿಯಿಂದ ಮೊಳಕೈ ಹೊರಗಿಟ್ಟು, ಮಂತ್ರಿಯ ಹಾಗೆ ಒಬ್ಬೊಬ್ಬರಿಗೂ ಕೈಯೆತ್ತಿದ. ಬಸ್ ಸ್ಟಾಪಿನ ಹತ್ತಿರ ಒಬ್ಬರು ಕೇಳಿಯೇಬಿಟ್ಟರು: "ಏನ್ ಯಜಮಾನ್ರೇ, ಆ ಕಡೆ ಕೂತಿದೀರಿ?"

"ಡ್ರೈವರ್ ಇಟ್ಕೊಂಡಿದೀನಿ ಕಣಯ್ಯ," ಎಂದ ಅಪ್ಪ. "ಬಾಯಿ ಜಾಸ್ತಿ. ಕೆಲ್ಸ ಪರ್ವಾಗಿಲ್ಲ."