ಹರಿಹರದಲ್ಲಿ ಕೇಳಿದ ಮಾತು

ಸತ್ತವರು ಮಾತಾಡುತ್ತಾರೆ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಿಮಗೆ ಏನನ್ನಿಸುತ್ತದೋ ಅನ್ನಿಸಲಿ.

ನಾನಿರುವುದು ದಾವಣಗೆರೆಯ ಸರಸ್ವತಿ ನಗರದಲ್ಲಿ. ಕೆಲವು ವರ್ಷಗಳ ಹಿಂದೆ ಹರಿಹರದ ಇಮ್ತಿಯಾಜ್ ಮತ್ತು ನಾನು ಸೇರಿ ಒಂದು ಸಣ್ಣ ಕಂಪನಿಗೆ ಕೆಲಸ ಮಾಡಿಕೊಡುತ್ತಿದ್ದೆವು. ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಒಂದು ಜಾತಿಯ ಪ್ರೊಸೆಸರಿಗೆ ಒಗ್ಗಿದ ಕರ್ನಲ್ ಇನ್ನೊಂದರ ಮೇಲೆ ಹಾಗೇ ಓಡುವುದಿಲ್ಲ. ಹೊಸದಾಗಿ ಬಂದ ಪ್ರೊಸೆಸರಿಗೆ ಅದನ್ನು ಹೊಂದಿಸುವುದು ನಮ್ಮ ಕೆಲಸ. ಮೆಮೊರಿಯ ಭಾಗ ನನ್ನದು, ಕಾಲ ಎಣಿಸುವ ಟೈಮರಿನ ಭಾಗ ಅವನದು. ಎಂಟು ತಿಂಗಳು ಒದ್ದಾಡಿದೆವು. ಆ ಪ್ರೊಸೆಸರ್ ಕೂರಿಸಿದ ಬೋರ್ಡಿಗೆ ಕರೆಂಟು ಕೊಟ್ಟರೆ ಪರದೆಯ ಮೇಲೆ ಹತ್ತಾರು ಸಾಲು ಬರುತ್ತಿದ್ದವು, ಆಮೇಲೆ ನಿಂತುಬಿಡುತ್ತಿತ್ತು. ಪ್ರತಿ ಸಲವೂ ಟೈಮರ್ ಶುರುವಾಗುವ ಜಾಗದಲ್ಲೇ.

ತಪ್ಪು ಯಾರದು ಎಂದು ಕಂಪನಿಯವರು ಫೋನಿನಲ್ಲಿ ಕೇಳಿದರು. ಟೈಮರಿನದೇ ಇರಬೇಕು ಎಂದೆ. ಇಮ್ತಿಯಾಜ್ ಅದೇ ಕರೆಯಲ್ಲಿದ್ದ. "ನಂದು ಸರಿ ಐತೆ, ಇನ್ನೊಮ್ಮೆ ನೋಡ್ರಿ" ಎಂದಷ್ಟೇ ಹೇಳಿದ. ಮರುದಿನ ಅವನನ್ನು ಕೈಬಿಟ್ಟರು. ನಾನು ಅವನಿಗೆ ಫೋನ್ ಮಾಡಲಿಲ್ಲ. ಅದಾಗಿ ನಾಲ್ಕನೇ ದಿನ, ಬೈಕಿನಲ್ಲಿ ದಾವಣಗೆರೆ ಕಡೆ ಬರುತ್ತಿದ್ದವನಿಗೆ ಲಾರಿ ಹೊಡೆಯಿತು, ಅಲ್ಲೇ ತೀರಿಕೊಂಡ. ಯಾಕೆ ಬರುತ್ತಿದ್ದ ಎಂದು ಮನೆಯವರಿಗೂ ಗೊತ್ತಿರಲಿಲ್ಲ.

ಮಣ್ಣಿಗೆ ಹೋಗುವ ಧೈರ್ಯವಾಗಲಿಲ್ಲ. ಎರಡು ದಿನ ಬಿಟ್ಟು ಮಧ್ಯಾಹ್ನದ ಬಸ್ಸಿಗೆ ಹರಿಹರಕ್ಕೆ ಹೋದೆ. ಪಡಸಾಲೆಯಲ್ಲಿ ಅವನ ತಾಯಿ ಗೋಡೆಗೆ ಒರಗಿ ಕೂತಿದ್ದರು, ಪಕ್ಕದಲ್ಲಿ ತಂಗಿ ನಸ್ರೀನ್. ನೀರು ಕೊಟ್ಟರು. ನೆಲ ನೋಡುತ್ತಾ ಕೂತಿದ್ದೆ. ಆಗ ಆ ತಾಯಿಯ ದನಿ ಕೇಳಿತು.

"ಹಳೇ ವಿಳಾಸ ಅಳಿಸದಂಗ ಹೊಸ ಮನೆಗೆ ಹೋದ್ರೆ, ಕಾಗದ ಎಲ್ಲಿಗೆ ಹೋಗ್ತಾವಪ್ಪಾ?"

ದುಃಖದಲ್ಲಿ ಏನೋ ಅನ್ನುತ್ತಿದ್ದಾರೆ ಅಂದುಕೊಂಡೆ. ಕೈಮುಗಿದು ಎದ್ದುಬಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಆ ಮಾತಿನ ಅರ್ಥ ಹೊಳೆಯಿತು. ಮೆಮೊರಿಯಲ್ಲಿ ಯಾವುದು ಎಲ್ಲಿದೆ ಎಂಬ ವಿಳಾಸಗಳನ್ನು ಪ್ರೊಸೆಸರ್ ತನ್ನ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಕರ್ನಲ್ ಹೊಸ ಪಟ್ಟಿ ಕೊಟ್ಟಾಗ ಹಳೆಯದನ್ನು ಅಳಿಸಬೇಕು. ನಾವು ಮೊದಲು ಬಳಸುತ್ತಿದ್ದ ಪ್ರೊಸೆಸರ್ ಅದನ್ನು ತಾನೇ ಅಳಿಸಿಕೊಳ್ಳುತ್ತಿತ್ತು. ಈ ಹೊಸದಕ್ಕೆ ನಾವೇ ಹೇಳಬೇಕಿತ್ತು. ನಾನು ಹೇಳಿರಲಿಲ್ಲ. ಹೊಸ ಪಟ್ಟಿಯನ್ನು ಮೊದಲು ಬಳಸುವುದು ಟೈಮರ್, ಅದು ಹಳೇ ವಿಳಾಸಕ್ಕೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಮನೆಗೆ ಬಂದು ನನ್ನ ಭಾಗದಲ್ಲಿ ಒಂದೇ ಒಂದು ಸಾಲು ಸೇರಿಸಿದೆ. ಬೋರ್ಡ್ ನಿಲ್ಲದೆ ಕೊನೆಯವರೆಗೂ ಓಡಿತು. ಇಮ್ತಿಯಾಜನ ಟೈಮರ್ ಒಂದು ಅಕ್ಷರವೂ ಬದಲಾಗದೆ ಸರಿಯಾಗಿ ನಡೆಯುತ್ತಿತ್ತು.

ತಪ್ಪು ನನ್ನದು ಎಂದು ಕಂಪನಿಗೆ ಬರೆದೆ. ಸಂತೋಷ, ಮುಗಿದ ಕೆಲಸ ಯಾವಾಗ ಕಳಿಸುತ್ತೀರಿ ಎಂದು ಉತ್ತರ ಬಂತು. ಅವನ ಹೆಸರು ಅದರಲ್ಲಿರಲಿಲ್ಲ.

ಒಂದು ತಿಂಗಳ ಮೇಲೆ ಮತ್ತೆ ಹರಿಹರಕ್ಕೆ ಹೋಗಿ ಆ ತಾಯಿಗೆ ಎಲ್ಲ ಒಪ್ಪಿಕೊಂಡೆ. ಆ ದಿನ ವಿಳಾಸದ ಮಾತು ನಿಮಗೆ ಮಗ ಹೇಳಿದ್ದನೇ ಎಂದು ಕೇಳಿದಾಗ ಅವರು ಮಗಳ ಮುಖ ನೋಡಿದರು.

ನಸ್ರೀನ್ ಹೇಳಿದಳು, "ಅಮ್ಮಿ ಆ ವಾರ ಪೂರ್ತಿ ಬಾಯೇ ಬಿಟ್ಟಿಲ್ಲ ಅಣ್ಣಾ. ನಾನು ಪಕ್ಕದಾಗೇ ಇದ್ನಲ್ಲ. ನೀವೇ ಏನೋ ತುಟಿ ಅಲ್ಲಾಡಿಸ್ತಿದ್ರಿ."

ದಣಿದ ಮನಸ್ಸು ತನಗೆ ಗೊತ್ತಿದ್ದದ್ದನ್ನೇ ಬೇರೆಯವರ ದನಿಯಲ್ಲಿ ಕೇಳಿಸಿಕೊಂಡಿತು ಎಂದು ಡಾಕ್ಟರ್ ಗೆಳೆಯರೊಬ್ಬರು ವಿವರಿಸಿದರು. ಇರಬಹುದು. ಆದರೆ ಹಾಗಿದ್ದರೆ, ಆ ಕರೆಯಲ್ಲಿ ಅವನ ಕಡೆ ಬೆರಳು ತೋರಿಸುವಾಗಲೂ ನನಗೆ ಒಳಗೊಳಗೆ ಗೊತ್ತಿತ್ತು ಎಂದಾಗುತ್ತದೆ. ಅದಕ್ಕಿಂತ, ಸತ್ತವನೇ ಬಂದು ಹೇಳಿದ ಎಂದು ನಂಬುವುದು ನನಗೆ ಸುಲಭ. ಅದನ್ನೂ ನಂಬಲಾಗುತ್ತಿಲ್ಲ.