ಸಾಬುದಾಣಿ ಇಲ್ಲದ ಉಪವಾಸ

ಕಳೆದ ವರ್ಷದ ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ನನ್ನ ತವರಿನ ಹೊಲದಲ್ಲಿ ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಹುಮನಾಬಾದಿನ ಹತ್ತಿರ ನನ್ನ ತಮ್ಮ ಮಾಡುವ ಹೊಲ ಅದು. ಎದೆಯುದ್ದ ಜೋಳದ ನಡುವೆ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲುಗಳಿಗೆ ಸುಣ್ಣ ಬಳಿದು, ಕಾಳು-ಸೊಪ್ಪು ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಎಡೆಯಿಟ್ಟು ಪೂಜೆ ಮಾಡುತ್ತೇವೆ. ನಮ್ಮ ಮನೆಯಲ್ಲಿ ಆ ಪೂಜೆಗೆ ಕೂರುತ್ತಿದ್ದವಳು ಅವ್ವ. ಅವ್ವ ಹೋದ ಮೇಲೆ ಹಿರಿಯ ಮಗಳೆಂದು ಅದು ನನಗೆ ಬಂತು. ಆದರೆ ಹೋದ ವರ್ಷ ನೆಲಕ್ಕೆ ಕೂರಲು ಮಂಡಿ ಮಡಚಲೇ ಇಲ್ಲ. ತಮ್ಮನ ಹೆಂಡತಿ ಕೂತು ಪೂಜೆ ಮಾಡಿದಳು. ನಾನು ಕುರ್ಚಿಯ ಮೇಲೆ ತಾಟು ಹಿಡಿದು, ಮದುವೆಗೆ ಬಂದ ದೂರದ ನೆಂಟರ ಹಾಗೆ ಉಂಡೆ. ಬಹಳ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ವರ್ಷಗಟ್ಟಲೆ ಸರಕಾರಿ ಶಾಲೆಯಲ್ಲಿ ಮಕ್ಕಳನ್ನು ನೆಲದ ಮೇಲೆ ಸಾಲಾಗಿ ಕೂರಿಸಿದವಳು ನಾನು. ನನಗೇ ಕುರ್ಚಿಯೇ?

ಹುಮನಾಬಾದಿನಲ್ಲಿ ಮಂಡಿ ತೋರಿಸಿದೆ. ಡಾಕ್ಟರು ಎಕ್ಸ್‌ರೇ ನೋಡಿ, ನನ್ನನ್ನೂ ಮೇಲಿಂದ ಕೆಳಗೆ ನೋಡಿ, "ಮಂಡಿ ಇನ್ನೂ ಕೈ ಕೊಟ್ಟಿಲ್ರಿ ಅಮ್ಮಾ. ಮ್ಯಾಲಿನ ಭಾರ ಇಳಿಸ್ರಿ" ಎಂದರು. ಜೊತೆಗೆ ಬಂದಿದ್ದ ಸೊಸೆ ಆಗಲೇ ಮೊಬೈಲಿನಲ್ಲಿ ದಾರಿ ಹುಡುಕಿಟ್ಟಿದ್ದಳು. "ಅತ್ತಿ, ಹೊತ್ತು ಮುಳುಗೂದ್ರಾಗ ಊಟ ಮುಗಸ್ರಿ. ಮರುದಿನ ಮಧ್ಯಾಹ್ನತನಕ ಏನೂ ತಿನಬ್ಯಾಡ್ರಿ. ಉಪವಾಸ ಇದ್ದಂಗ." ಸಕ್ಕರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಡಾಕ್ಟರೂ ಹೂಂ ಎಂದರು.

ಉಪವಾಸ! ನನಗೆ ನಗು ಬಂತು. ಸೋಮವಾರ, ಏಕಾದಶಿ, ಶಿವರಾತ್ರಿ, ಶ್ರಾವಣ ಎಂದು ಹುಡುಗಿಯಾಗಿದ್ದಾಗಿನಿಂದ ಉಪವಾಸ ಮಾಡಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮರುದಿನದಿಂದಲೇ ಹಿಡಿದೆ. ಸೊಸೆ ಬೆಳಿಗ್ಗೆಯೇ ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತಾಳೆ. ಮನೆಯಲ್ಲಿ ನಾನೊಬ್ಬಳೇ, ಶಿಸ್ತಿನಲ್ಲಿ ಕೊರತೆಯಿಲ್ಲ. ರೊಟ್ಟಿ ಮುಟ್ಟಲಿಲ್ಲ, ಅನ್ನ ಮುಟ್ಟಲಿಲ್ಲ. ತಿಂಗಳ ಮೇಲೆ ಎದೆ ಉಬ್ಬಿಸಿಕೊಂಡು ಹುಮನಾಬಾದಿಗೆ ಹೋಗಿ ತೂಕದ ಕಾಟಾ ಹತ್ತಿದೆ. ಮುಳ್ಳು ಮೊದಲಿಗಿಂತ ಮುಂದಕ್ಕೆ ಹೋಗಿ ನಿಂತಿತು.

"ನಿಮ್ಮ ಕಾಟಾನ ಕೆಟ್ಟದ" ಎಂದು ಡಾಕ್ಟರ ಮೇಲೆಯೇ ಹರಿಹಾಯ್ದು ಬಂದೆ.

ಬಸವಕಲ್ಯಾಣದ ನಮ್ಮ ಓಣಿಯಲ್ಲಿ ನನ್ನ ಮನೆಗೂ ಪಕ್ಕದ ಆಪಾಳ ಮನೆಗೂ ನಡುವೆ ಒಂದೇ ಗೋಡೆ. ಓಣಿಗೆಲ್ಲ ಆಕೆ ಆಪಾ, ಅಂದರೆ ಅಕ್ಕ; ನನ್ನ ವಯಸ್ಸಿನವಳೇ. ಮರುದಿನ ಬೆಳಿಗ್ಗೆ ನಾನು ಮುಖ ಊದಿಸಿಕೊಂಡು ಅಡುಗೆಮನೆಯಲ್ಲಿದ್ದಾಗ ಒಳಗೆ ಬಂದಳು. ಕಡಾಯಿಯಲ್ಲಿ ತುಪ್ಪ ಬಿಟ್ಟ ಸಾಬುದಾಣಿ ಖಿಚಡಿ, ಬದಿಯಲ್ಲಿ ಶೇಂಗಾ ಉಂಡೆ, ಬಾಳೆಹಣ್ಣು, ಲೋಟದ ತುಂಬ ಕೆನೆಹಾಲು.

"ಯಾರು ಬರಾಕತ್ತಾರ ಟೀಚರಮ್ಮ?"

"ಯಾರೂ ಇಲ್ಲ. ನನ್ನ ಉಪವಾಸ."

ಆಪಾ ಕಡಾಯಿ ನೋಡಿದಳು, ನನ್ನನ್ನು ನೋಡಿದಳು. "ತೋಬಾ! ಇದು ಉಪವಾಸ ಅಲ್ರಿ, ದಾವತ್!" ಎಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

ನನಗೆ ಉರಿದುಹೋಯಿತು. ಸಾಬುದಾಣಿ ಊಟವಲ್ಲ, ಫಳಾರ, ಅದು ಉಪವಾಸಕ್ಕೆ ನಡೆಯುತ್ತದೆ ಎಂದು ವಾದಿಸಿದೆ. ವಾದಿಸುತ್ತಲೇ ಕಡಾಯಿಯ ಕಡೆ ನೋಡಿದೆ. ದೇವರಿಗೆ ನಡೆಯುತ್ತದೆ, ನಿಜ. ಮಂಡಿಗೆ ಹೇಗೆ ನಡೆದೀತು? ಕೊನೆಗೆ ನಾನೂ ನಕ್ಕೆ. ನಗುತ್ತ ಖಿಚಡಿಯನ್ನು ಡಬ್ಬಿಗೆ ತುಂಬಿ ಆಪಾಳ ಕೈಯಲ್ಲಿಟ್ಟೆ.

"ಹಸಿವಾದಾಗ ಅಡಗಿಮನ್ಯಾಗ ಕುಂದರಬ್ಯಾಡ್ರಿ. ನಾವು ರಂಜಾನ್ ರೋಜಾದಾಗ ಅಲ್ಲಿಂದ ಎದ್ದು ಹೊರಗ ಹೋಗ್ತೀವಿ. ನಡೀರಿ ನನ್ನ ಜೋಡಿ" ಎಂದಳು.

ಅಂದಿನಿಂದ ಬೆಳಿಗ್ಗೆ ಇಬ್ಬರೂ ಕೋಟೆಯ ಬಾಗಿಲಿನವರೆಗೆ ನಡೆಯುತ್ತಿದ್ದೆವು. ಮಧ್ಯಾಹ್ನದವರೆಗೆ ಬರೀ ನೀರು. ಮೊದಮೊದಲು ತಲೆ ಸಿಡಿಯಿತು, ನಾಲಿಗೆ ಹರಿತವಾಯಿತು, ಹಾಲಿನವನೊಡನೆ ಸುಮ್ಮನೆ ಜಗಳ ತೆಗೆದೆ. ಎಲ್ಲಕ್ಕಿಂತ ಕಷ್ಟವಾದದ್ದು ಚಹಾ. ನಮ್ಮ ಕಡೆ ಮನೆಗೆ ಹೋಗಿ ಚಹಾ ಬೇಡವೆಂದರೆ ಜನ ಮುಖ ಗಂಟಿಕ್ಕುತ್ತಾರೆ. "ಯಾಕ್ರಿ, ನಮ್ಮ ಮನಿ ಚಾ ನಿಮಗ ನಡ್ಯಂಗಿಲ್ಲೇನು?" ತೂಕ ಇಳಿಸುತ್ತಿದ್ದೇನೆ ಎಂದರೆ "ಈ ವಯಸ್ಸಿನಾಗ ಯಾರಿಗೆ ತೋರಸ್ಬೇಕಾಗ್ಯದ?" ಎಂಬ ಕುಹಕ. ನನಗೇ ತೋರಿಸಬೇಕಾಗಿದೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಬರುತ್ತಿದ್ದೆ. ಹೇಳಿ ಬಂದ ದಿನ ಹಸಿವೂ ಕಡಿಮೆ ಅನಿಸುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ರವಿಕೆಗಳು ಸಡಿಲವಾದವು. ಡಾಕ್ಟರ ಕಾಟಾ ತಾನಾಗಿಯೇ ಸರಿಹೋಯಿತು. ನಾನು ಯಾರಿಗೂ ಹೇಳದೆ, ಬಾಗಿಲ ಚೌಕಟ್ಟು ಹಿಡಿದು ನೆಲಕ್ಕೆ ಕೂತು ಏಳುವುದನ್ನು ಅಭ್ಯಾಸ ಮಾಡಿದೆ. ಮೊದಲು ಎರಡೂ ಕೈ ಬೇಕಾಗುತ್ತಿತ್ತು. ಆಮೇಲೆ ಒಂದು ಕೈ. ದೀಪಾವಳಿ ಕಳೆದ ಮೇಲೊಂದು ದಿನ ಚೌಕಟ್ಟು ಮುಟ್ಟದೆ ಎದ್ದೆ. ಗೋಡೆಯಾಚೆಯ ಆಪಾಗೆ ಕೂಗಿ ಹೇಳಿದೆ. ಅವಳು ದೇವರಿಗೆ ಶುಕರ್ ಎಂದು ಅಲ್ಲಿಂದಲೇ ಕೂಗಿದಳು.

ಈ ವರ್ಷದ ಎಳ್ಳಮಾಸಿಗೆ ಹೊಲಕ್ಕೆ ಹೋದಾಗ ಕುರ್ಚಿ ನನಗಿಂತ ಮೊದಲೇ ಬಂದಿತ್ತು. ತಮ್ಮ ಅದನ್ನು ಟವೆಲಿನಿಂದ ಒರೆಸಿ, ನೆರಳು ನೋಡಿ ಇಟ್ಟಿದ್ದ. ಪ್ರೀತಿಯಿಂದಲೇ ಇಟ್ಟಿದ್ದ, ಪಾಪ. ನಾನು ಅಂಬಲಿಯ ಗಡಿಗೆಯನ್ನು ಅದರ ಮೇಲಿಟ್ಟು ಕೊಂಪೆಯ ಕಡೆ ನಡೆದೆ. ತಮ್ಮನ ಹೆಂಡತಿ ಆಗಲೇ ಕಲ್ಲುಗಳ ಮುಂದೆ ಕೂರಲು ಸೀರೆ ಸರಿಮಾಡಿಕೊಳ್ಳುತ್ತಿದ್ದಳು.

"ಸರಿಯವ್ವಾ, ನಾ ಕುಂದರ್ತೀನಿ" ಎಂದೆ.

ಆಕೆ ಸರಿದು ಜಾಗ ಬಿಟ್ಟಳು. ಸೊಸೆ ಒಂದು ಹೆಜ್ಜೆ ಮುಂದೆ ಬಂದು ನಿಂತಳು. ಬಲಗಾಲು ಹಿಂದಿಟ್ಟು, ಮಂಡಿ ಮಡಚಿ, ಕರಿಮಣ್ಣಿನ ಮೇಲೆ ಕೂತೆ. ಮಂಡಿ ಕಟಕ್ ಎಂದಿತು, ಅನ್ನಲಿ. ಕಲ್ಲುಗಳಿಗೆ ಕುಂಕುಮ ಹಚ್ಚಿ, ರೊಟ್ಟಿಯ ಮೇಲೆ ಭಜ್ಜಿ ಬಡಿಸಿ ಎಡೆಯಿಟ್ಟೆ. ರೊಟ್ಟಿ ಬುಟ್ಟಿಯ ತಳದವರೆಗೆ ಕೈ ಹಾಕಿ ಬಡಿಸಿದೆ, ಅವ್ವನ ಪದ್ಧತಿ ಅದು.

"ಅಕ್ಕಾ, ಅವ್ವ ಕುಂತಂಗ ಕಾಣ್ತದ ನೋಡು" ಎಂದ ತಮ್ಮ. ಅವನ ದನಿ ಸಣ್ಣಗಾಗಿತ್ತು.

"ಅವ್ವ ಇಷ್ಟ್ ದಪ್ಪ ಇರಲಿಲ್ಲೋ" ಎಂದು ಗದರಿದೆ. ಗದರದಿದ್ದರೆ ಅಳು ಬರುತ್ತಿತ್ತು.

ಪೂಜೆ ಮುಗಿಯಿತು. ಇನ್ನು ಏಳಬೇಕು. ತಮ್ಮ ಬಾಗಿ ಕೈ ಚಾಚಿದ. ನಾನು ಆ ಕೈಯಲ್ಲಿ ಖಾಲಿ ಬುಟ್ಟಿಯನ್ನು ಇಟ್ಟು, ಎದ್ದು ನಿಂತೆ.